ಆಗುಂಬೆ ಘಾಟಿಯ ಅಂಬಾಸಿಡರ್, ಮುಂಬೈ ಗಲ್ಲಿಯ ಫಿಯೆಟ್

ಮುಂಬೈಗೆ ಬಂದು ಇಪ್ಪತ್ತಾರು ವರ್ಷ ಆಯಿತು. ಮಾಟುಂಗಾದ ಗೆಳೆಯರ ಜೊತೆ ಒಂದು ವಾದ ಮಾತ್ರ ಇನ್ನೂ ಮುಗಿದಿಲ್ಲ. ಹಳೇ ಕಾರುಗಳಲ್ಲಿ ಯಾವುದು ಮೇಲು, ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ? ಇಟಲಿಯ ಫಿಯೆಟ್ ಕಾರಿನ ಮಾದರಿಯಲ್ಲೇ ತಯಾರಾದ ಪದ್ಮಿನಿಯನ್ನು ಇಲ್ಲಿನವರು ಈಗಲೂ ಫಿಯೆಟ್ ಅಂತಲೇ ಕರೆಯುತ್ತಾರೆ. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಸುಮ್ನೆ ಬಿಡುವುದಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ನನಗೆ ಕಾರು ಅಂದರೆ ಮೊದಲು ನೆನಪಾಗುವುದು ಅಂಬಾಸಿಡರ್.

ಲೆಕ್ಕದಿಂದಲೇ ಶುರು ಮಾಡೋಣ. ಅಂಬಾಸಿಡರ್‌ನ ಹಳೇ ಪೆಟ್ರೋಲ್ ಎಂಜಿನ್ 1,489 ಸಿಸಿ, 50 ಹಾರ್ಸ್‌ಪವರ್. ಪದ್ಮಿನಿಯದು 1,089 ಸಿಸಿ, ಸುಮಾರು 40 ಹಾರ್ಸ್‌ಪವರ್. ಇಷ್ಟು ನೋಡಿ ಅಂಬಾಸಿಡರ್ ಗೆದ್ದಿತು ಅನ್ನುವವರು ತೂಕ ನೋಡುವುದಿಲ್ಲ. ಪದ್ಮಿನಿ 900 ಕಿಲೋ ಒಳಗೇ ಇದೆ, ಅಂಬಾಸಿಡರ್ 1,100 ದಾಟುತ್ತದೆ. ಭಾಗಿಸಿ ನೋಡಿ. ಟನ್ನಿಗೆ ಎರಡಕ್ಕೂ ಸಿಗುವುದು 45 ಹಾರ್ಸ್‌ಪವರ್ ಆಸುಪಾಸು!

ಹಾಗಾದರೆ ಓಡಿಸುವಾಗ ಎರಡೂ ಅಷ್ಟು ಬೇರೆ ಅನಿಸುವುದು ಯಾಕೆ? ಉತ್ತರ ಸಿಲಿಂಡರ್ ಒಳಗಿದೆ. ಅಂಬಾಸಿಡರ್‌ನಲ್ಲಿ ಪಿಸ್ಟನ್ 88.9 ಮಿಲಿಮೀಟರ್ ಓಡಾಡುತ್ತದೆ, ಪದ್ಮಿನಿಯಲ್ಲಿ 75. ಈ ಓಡಾಟ ಉದ್ದ ಇರುವುದರಿಂದ ಅಂಬಾಸಿಡರ್ ಎಂಜಿನ್ ನಿಧಾನಕ್ಕೆ ತಿರುಗುತ್ತಲೇ ಭಾರ ಎಳೆಯುತ್ತದೆ. ಪದ್ಮಿನಿಯದು ಚುರುಕಾಗಿ ತಿರುಗಿದಾಗಲೇ ಖುಷಿ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಮದುವೆ ಮುಗಿಸಿಕೊಂಡು ಸೋಮೇಶ್ವರದಿಂದ ಮೇಲೆ ಬರುವಾಗ ಟ್ಯಾಕ್ಸಿಯಲ್ಲಿ ನಾವು ಒಂಬತ್ತು ಜನ ಇರುತ್ತಿದ್ದೆವು. ಮುಂದಿನ ಉದ್ದ ಸೀಟಿನಲ್ಲಿ ಡ್ರೈವರಣ್ಣನ ಪಕ್ಕ ಇಬ್ಬರು ದೊಡ್ಡವರು, ಅವರ ತೊಡೆ ಮೇಲೆ ನಾನು. ಗೇರಿನ ಕೋಲು ಸ್ಟಿಯರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ಕಾಲಿಗೆ ಏನೂ ಅಡ್ಡ ಬರುತ್ತಿರಲಿಲ್ಲ. ತಿರುವು ಬಂದಾಗ ಡ್ರೈವರಣ್ಣ ಕೋಲು ಎಳೆದು ಗೇರು ಇಳಿಸಿದರೆ ಕಾರು ಗುಂಯ್ ಅನ್ನುತ್ತಾ ಹತ್ತುತ್ತಿತ್ತು. ನಮ್ಮೂರಲ್ಲಿ ಕಾರಿನ ಯೋಗ್ಯತೆ ಅಳೆಯುವುದೇ ಹೀಗೆ. ಎಷ್ಟು ಜನ ಹಿಡಿಸುತ್ತಾರೆ, ಎಷ್ಟು ಅಡಿಕೆ ಮೂಟೆ ಹೋಗುತ್ತದೆ, ಘಾಟಿ ಹತ್ತುತ್ತದಾ?

ಮುಂಬೈಯವರ ಅಳತೆಯೇ ಬೇರೆ. ಇಲ್ಲಿ ಜಾಗ ಮುಖ್ಯ. ಪದ್ಮಿನಿ ಅಂಬಾಸಿಡರ್‌ಗಿಂತ ಹತ್ತಿರ ಹತ್ತಿರ ಒಂದು ಮೊಳ ಗಿಡ್ಡ, ಅಗಲವೂ ಕಡಿಮೆ. ದಾದರ್ ಮಾರ್ಕೆಟ್ಟಿನ ಹೂವಿನ ಬುಟ್ಟಿಗಳ ನಡುವೆ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿ ನುಸುಳುವುದನ್ನು ನೋಡಿದ ಮೇಲೆ ಆ ಒಂದು ಮೊಳದ ಬೆಲೆ ನನಗೆ ತಿಳಿಯಿತು.

ಅಂದಹಾಗೆ, ಈ ಫಿಯೆಟ್ ಕಥೆಯಲ್ಲಿ ನಮ್ಮವರೂ ಇದ್ದಾರೆ. 1930ರ ದಶಕದಲ್ಲಿ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇವರ ಜೊತೆಗಿದ್ದರು. ಬೆಂಗಳೂರಿನಲ್ಲಿ ಕಾರ್ಖಾನೆ ಮಾಡುವ ಮಾತೂ ನಡೆದಿತ್ತು. ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ. ಮುಂದೆ 1944ರಲ್ಲಿ ವಾಲ್‌ಚಂದ್ ಅವರು ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಪದ್ಮಿನಿ ಹುಟ್ಟಿದ್ದು ಇಲ್ಲೇ ಕುರ್ಲಾದಲ್ಲಿ. ಇದನ್ನು ಹೇಳಿದರೆ ಮಾಟುಂಗಾದ ಗೆಳೆಯರೂ ಒಂದು ಗಳಿಗೆ ವಾದ ನಿಲ್ಲಿಸಿ ಕೇಳುತ್ತಾರೆ.

ಒಂದನ್ನೇ ಆರಿಸು ಅಂದರೆ? ಓಡಿಸುವುದಕ್ಕೆ ಪದ್ಮಿನಿ. ಈಗ ಇದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅಮ್ಮನನ್ನು ಕೂರಿಸಿಕೊಂಡು ಊರಿನ ಗುಂಡಿ ರಸ್ತೆಯಲ್ಲಿ ಹೋಗಬೇಕು ಅಂದರೆ ಅಂಬಾಸಿಡರ್‌ನ ಹಿಂದಿನ ಸೀಟೇ ಬೇಕು. ಅದರ ಮಾತೇ ಬೇರೆ ಅಲ್ವಾ?

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷದ ಮಿತಿ ಮುಗಿದದ್ದು 2023ರ ಅಕ್ಟೋಬರ್ ಕೊನೆಗೆ. ನಮ್ಮ ಬಿಲ್ಡಿಂಗಿನ ಕಾಕಾ ಒಬ್ಬರು ತಮ್ಮ ಬಿಳಿ ಪದ್ಮಿನಿಯನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಅವರು ಚೋಕ್ ಎಳೆದು ಸ್ಟಾರ್ಟ್ ಮಾಡುವ ಹೊತ್ತಿಗೆ ನಾನೂ ಕೆಳಗೆ ಇಳಿದಿರುತ್ತೇನೆ.