ಪಂಗಡವೆಂದರೆ ಒಡಕಲ್ಲ

ನಿನ್ನೆ ಕಾಸರಗೋಡಿನಲ್ಲಿ ನಡೆದ ಕನ್ನಡ ಸಭೆಯೊಂದರಿಂದ ಮನೆಗೆ ಮರಳಿದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಭಾಷಣಕಾರರೊಬ್ಬರು ‘ಪಂಗಡ’ವು ಸಂಸ್ಕೃತದ ‘ಭಂಗ’ದಿಂದ ಹುಟ್ಟಿದ ಪದವೆಂದೂ ಅದರ ಅರ್ಥವೇ ಒಡಕೆಂದೂ ಹೇಳಿ, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈಚೆಗೆ ಗಡಿನಾಡಿನ ಕನ್ನಡಿಗರು ಪಂಗಡಗಳಾಗಿ ಉಳಿದದ್ದರಿಂದಲೇ ಸೋತೆವೆಂದು ಉಪದೇಶಿಸಿದರು. ಚಪ್ಪಾಳೆಯೂ ಬಿತ್ತು.

ಭಂಗವು ನಮ್ಮ ಬಾಯಲ್ಲಿ ಏನಾಯಿತೆಂದು ತಿಳಿಯಲು ನಿಘಂಟು ತೆರೆಯಬೇಕಾಗಿಲ್ಲ. ಕಷ್ಟಕ್ಕೆ ‘ಬಂಗ’ ಎನ್ನುವ ತುಳುನಾಡಿನವರು ನಾವು. ಭಕಾರವು ಇಲ್ಲಿ ಬಕಾರವಾಯಿತೇ ಹೊರತು ಪಕಾರವಾಗಲಿಲ್ಲ. ಪಂಗಡದ ಬೇರು ಅಚ್ಚ ದ್ರಾವಿಡದ್ದು. ಭಾಗವಾಗು, ಬೇರೆಯಾಗು ಎಂಬ ಅರ್ಥದ ‘ಪಗು’ವಿನ ಬಳಗದಲ್ಲಿ ನಮ್ಮ ಪಾಲು ಇದೆ, ವಿಭಾಗವೆಂಬ ಅರ್ಥದ ಹಳಗನ್ನಡದ ಪಸುಗೆ ಇದೆ, ‘ಪಂಚು’ ಎಂದಿದ್ದು ಈಗ ‘ಹಂಚು’ ಆಗಿರುವ ಕ್ರಿಯಾಪದವೂ ಇದೆ. ಮಲಯಾಳದಲ್ಲಿ ಪಂಕ್ ಎಂದರೆ ಪಾಲು, ಪಂಕಾಳಿ ಎಂದರೆ ಪಾಲುದಾರ, ಪಂಕೆಡುಕ್ಕುಕ ಎಂದರೆ ಭಾಗವಹಿಸುವುದು. ತಮಿಳಿನ ಪಂಗಾಳಿ ದಾಯಾದಿ. ಈ ಬಳಗದಲ್ಲಿ ಕಾಣುವುದು ಒಡಕಲ್ಲ, ಪಾಲು. ಪೇಟೆಯಲ್ಲಿ ದಿನವೂ ಮಲಯಾಳ ಕೇಳುವ ಸಭಿಕರೊಬ್ಬರಿಗೂ ಇದು ಹೊಳೆಯಲಿಲ್ಲವೇ?

ಹುಟ್ಟು ಹೇಗಿದ್ದರೇನು, ಬಳಕೆಯೇ ಅರ್ಥ ಎಂದು ಜೊತೆಗಿದ್ದ ಸ್ನೇಹಿತರು ಸಮಾಧಾನ ಹೇಳಿದರು. ಹಾಗಾದರೆ ಬಳಕೆಯನ್ನೇ ನೋಡೋಣ. ಸಂವಿಧಾನದ 342ನೆಯ ವಿಧಿಯಂತೆ ಗುರುತಿಸಲಾದ, ನಮ್ಮ ಜಿಲ್ಲೆಯ ಕೊರಗರೂ ಸೇರಿದ ಸಮುದಾಯಗಳನ್ನು ಕನ್ನಡದಲ್ಲಿ ‘ಪರಿಶಿಷ್ಟ ಪಂಗಡ’ ಎನ್ನುತ್ತೇವೆ. ಪಂಗಡವೆಂದರೆ ಒಡಕು ಎಂದು ಅವರ ಮುಖ ನೋಡಿ ಹೇಳಲಾದೀತೇ?

ಈ ಮಾತು ನನ್ನನ್ನು ಇಷ್ಟು ಕೆಣಕುವುದಕ್ಕೆ ಮನೆಯ ಕಾರಣವೂ ಇದೆ. ತಂದೆಯ ಅಡಿಕೆ ತೋಟ ಪಾಲಾದ ವರ್ಷ ನಾನು ‘ಪಾಲು’ ಎಂಬ ಪದವನ್ನೇ ದ್ವೇಷಿಸಿದ್ದೆ, ಅಣ್ಣನೊಡನೆ ಮಾತು ಬಿಟ್ಟಿದ್ದೆ. ಆದರೂ ನಾಗನ ಕಟ್ಟೆಯಲ್ಲಿ ನಡೆಯುವ ತಂಬಿಲವೆಂಬ ಪೂಜೆಗೆ ಪ್ರತಿವರ್ಷವೂ ಇಬ್ಬರಿಗೂ ಕರೆ ಬರುತ್ತಿತ್ತು. ಪಾಲಿದೆಯೆಂಬುದೇ ಆ ಕರೆಗೆ ಕಾರಣವೆಂದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಸಭೆಯ ಎದುರಿನ ಸಾಲಿನಲ್ಲಿ ಕುಳಿತಿದ್ದ ಹೈಸ್ಕೂಲಿನ ಮಕ್ಕಳು ‘ಪಂಗಡ, ಭಂಗದಿಂದ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಎದ್ದು ನಿಂತು ತಿದ್ದಬೇಕಾಗಿದ್ದ ನಾನು, ಸಭಾಮರ್ಯಾದೆಯೆಂದು ಸುಮ್ಮನೆ ಕುಳಿತೆ. ಆ ಮಕ್ಕಳ ಶಾಲೆ ಯಾವುದೆಂದು ಇವತ್ತು ವಿಚಾರಿಸಿದ್ದೇನೆ. ಸೋಮವಾರ ಅಲ್ಲಿಗೆ ಹೋಗುತ್ತೇನೆ.