ಹೂವಿನ ಚಿತ್ರದ ಮೇಲಿನ ವಾಕ್ಯ

ವಾಟ್ಸ್‌ಆ್ಯಪ್ ತೆರೆದರೆ ಹೂವಿನ ಚಿತ್ರದ ಮೇಲೆ ಒಂದು ವಾಕ್ಯ, ಅದರ ಕೆಳಗೆ ಸಾಲುಸಾಲಾಗಿ ‘ಆಮೆನ್’. ಇದರ ಬಗ್ಗೆ ನನಗೆ ತಕರಾರಿಲ್ಲ. ಆ ದಿನದ ಸತ್ಯವೇದ (ಬೈಬಲ್) ಪಾರಾಯಣ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವಲ್ಲ, ಅದರ ಬಗ್ಗೆ ಇದೆ.

ಪದೇ ಪದೇ ಬರುವ ಯೆರೆಮೀಯ 29:11ನ್ನೇ, ಅಂದರೆ ಪ್ರವಾದಿ ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಾಕ್ಯವನ್ನೇ ನೋಡಿ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಹಿತದವು, ಅಹಿತದವಲ್ಲ ಎಂದು ದೇವರು ಹೇಳುವ ಮಾತು ಅದು. ಪರೀಕ್ಷೆಗೂ ಅದೇ, ವೀಸಾಕ್ಕೂ ಅದೇ. ಆದರೆ ಅದರ ಹಿಂದಿನ ವಾಕ್ಯದಲ್ಲೇ ಬಿಡುಗಡೆಗೆ ಎಪ್ಪತ್ತು ವರ್ಷ ಎಂಬ ಲೆಕ್ಕವಿದೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಯೆರೆಮೀಯನು ಯೆರೂಸಲೇಮಿನಿಂದ ಕಳಿಸಿದ ಪತ್ರ ಇದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆಯಲ್ಲಿಟ್ಟಿರುವ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತದೆ. ಅಂದರೆ ಪತ್ರ ಓದಿದ ದೊಡ್ಡವರಲ್ಲಿ ಹೆಚ್ಚಿನವರು ಅಲ್ಲೇ ಮಣ್ಣಾಗುವವರು.

ಇನ್ನೊಂದು ಪುಟ ಹಿಂದಕ್ಕೆ ಹೋದರೆ 28ನೇ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಸಿಗುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರ ಮುಂದೆ ಸಾರಿ, ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಕೊರಳಿನಲ್ಲಿದ್ದ ಮರದ ನೊಗವನ್ನು ಮುರಿದುಹಾಕಿದವನು. ಯೆರೆಮೀಯನು ಮೊದಲು ‘ಆಮೆನ್, ಹಾಗೆಯೇ ಆಗಲಿ’ ಎಂದೇ ಅನ್ನುತ್ತಾನೆ! ಆದರೆ ಹನನ್ಯನದು ಸುಳ್ಳು ಪ್ರವಾದನೆ. ಅವನ ಮಾತಿಗೆ ಎದುರಾಗಿ ನಿಂತ ಪತ್ರದಿಂದ ಒಂದು ಸಾಲು ಕಿತ್ತು, ಹನನ್ಯನ ಭರವಸೆಯನ್ನೇ ನಾವು ಹಂಚುತ್ತಿದ್ದೇವೆ. ಎರಡೂ ಅಧ್ಯಾಯ ಓದಲು ಕಾಲು ಗಂಟೆಯೂ ಬೇಡ. ಹಾಗೆ ಓದಿದವನಿಗೆ ಆ ವಾಕ್ಯದ ಸಾಂತ್ವನ ಕಡಿಮೆಯಾಗುವುದಿಲ್ಲ, ಬಿಡುಗಡೆ ತಡವಾದರೂ ಕುಸಿಯದ ಸಾಂತ್ವನ ಸಿಗುತ್ತದೆ.

ಮೊದಲ ಕ್ರೈಸ್ತ ಸಭೆಗಳಿಗೆ ಅಪೊಸ್ತಲ ಪೌಲನು ಬರೆದ ಪತ್ರಗಳಿಗೂ ಇದೇ ಗತಿ. ಅವುಗಳಲ್ಲಿ ವಾಕ್ಯಸಂಖ್ಯೆಗಳೇ ಇರಲಿಲ್ಲ. ಹೊಸ ಒಡಂಬಡಿಕೆಗೆ ಈಗಿನ ಸಂಖ್ಯೆಗಳು ಬಂದದ್ದು 1551ರಲ್ಲಿ, ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನ ಕೈಯಿಂದ. ಹುಡುಕಲು ಅನುಕೂಲ, ನಿಜ. ಆದರೆ ಮನೆಯಿಂದ ಬಂದ ಪತ್ರದ ನಡುವಿನ ಒಂದು ಸಾಲು ಓದಿ ಮಡಚಿಡುವವರು ಯಾರಿದ್ದಾರೆ?

ವಾಕ್ಯಗಳು ಬಾಯಿಪಾಠವಾಗಿದ್ದರೆ ಸಾಕು ಎನ್ನುವವರೂ ಇದ್ದಾರೆ. ಆ ಲೆಕ್ಕದಲ್ಲಿ ಸೈತಾನನೂ ಪಾಸು. ಮತ್ತಾಯ 4ರಲ್ಲಿ ಅವನು 91ನೇ ಕೀರ್ತನೆಯನ್ನು ಉದ್ಧರಿಸಿ ದೇವಾಲಯದ ತುದಿಯಿಂದ ಧುಮುಕು ಎನ್ನುತ್ತಾನೆ. ಹನ್ನೆರಡನೆಯ ವಾಕ್ಯಕ್ಕೆ ನಿಲ್ಲಿಸುತ್ತಾನೆ, ಸರ್ಪವನ್ನು, ಅಂದರೆ ಅವನದೇ ಗುರುತನ್ನು, ತುಳಿಯುವ ಮಾತು ಬರುವುದು ಹದಿಮೂರರಲ್ಲಿ! ಯೇಸು ಮೂರು ಸಲವೂ ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದಿಂದ, ನಾವು ಬೇಸರವೆಂದು ಹಾರಿಸಿ ಓದುವ ಪುಸ್ತಕದಿಂದ.

ಆತ್ಮಿಕವಾಗಿ ಬೆಳೆದವರೆಂದರೆ ಯಾರು? ಎಷ್ಟು ವರ್ಷದಿಂದ ಸಭೆಗೆ ಬರುತ್ತಿದ್ದೀರಿ ಎಂದು ಇಬ್ರಿಯರಿಗೆ ಬರೆದ ಪತ್ರ ಕೇಳುವುದಿಲ್ಲ. ಇಷ್ಟು ಹೊತ್ತಿಗೆ ಬೋಧಕರಾಗಿರಬೇಕಾದ ನೀವು ಇನ್ನೂ ಹಾಲು ಕುಡಿಯುತ್ತಿದ್ದೀರಿ ಎಂದು ಗದರಿಸುತ್ತದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅಭ್ಯಾಸದಿಂದ ವಿವೇಚಿಸಬಲ್ಲವರನ್ನೇ ಅದು ಪ್ರಾಯಸ್ಥರೆನ್ನುತ್ತದೆ. ಈ ಅಭ್ಯಾಸವನ್ನು ಸಭಾಪಾಲಕರು ನಮ್ಮ ಬದಲಿಗೆ ಮಾಡಿಕೊಡಲಾರರು. ಬೆರೋಯ ಎಂಬ ಊರಿನವರು ಪೌಲನ ಪ್ರಸಂಗವನ್ನೇ ಪ್ರತಿದಿನ ಶಾಸ್ತ್ರಗ್ರಂಥಗಳೊಡನೆ ಹೋಲಿಸಿ ಪರಿಶೋಧಿಸಿದರು. ಮೊದಲ ಸಭೆಯ ಕತೆ ಹೇಳುವ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಅದಕ್ಕೆ ಸಿಕ್ಕಿದ್ದು ಮೆಚ್ಚುಗೆ. ಇಂದು ಪ್ರಸಂಗದ ನಂತರ ‘ಅಯ್ಯನವರೇ, ಅದು ಯಾವ ಅಧ್ಯಾಯದಲ್ಲಿದೆ?’ ಎಂದು ಕೇಳಿದವರನ್ನು ಕೆಲವು ಸಭೆಗಳಲ್ಲಿ ದಂಗೆಕೋರರಂತೆ ನೋಡುತ್ತಾರೆ.

ಹಾಗೆಂದು ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು ಓದಿದರೆ ಎಲ್ಲ ಹೊಳೆಯುತ್ತದೆ ಎಂದು ನಾನು ಹೇಳುವುದಿಲ್ಲ. ಯೆಶಾಯನ ಗ್ರಂಥ ಓದುತ್ತಾ ರಥದಲ್ಲಿ ಕುಳಿತಿದ್ದ ಐಥಿಯೋಪ್ಯದ ಕಂಚುಕಿ (ರಾಣಿಯ ಆಸ್ಥಾನದ ಅಧಿಕಾರಿ), ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು ಎಂದು ಸುವಾರ್ತಿಕ ಫಿಲಿಪ್ಪನನ್ನು ಹತ್ತಿರ ಕೂರಿಸಿಕೊಂಡ. ಪೌಲನ ಪತ್ರಗಳಲ್ಲಿ ಕೆಲವು ಮಾತು ತಿಳಿಯುವುದು ಕಷ್ಟ ಎಂದು ಪೇತ್ರನ ಎರಡನೆಯ ಪತ್ರವೇ ಒಪ್ಪಿಕೊಳ್ಳುತ್ತದೆ. ಆದರೆ ಕಂಚುಕಿಯ ಕೈಯಲ್ಲಿ ಮೊದಲೇ ಸುರುಳಿ ಇತ್ತು, ತಲೆಯಲ್ಲಿ ಪ್ರಶ್ನೆ ಇತ್ತು. ಏನನ್ನೂ ಓದದೆ ಬಂದವನಿಗೆ ಫಿಲಿಪ್ಪ ಏನು ಬಿಡಿಸಿ ಹೇಳಬೇಕು?

ಪೂರ್ತಿ ಓದುವವರಿಗೆ ಮಾತ್ರ ಸಿಗುವ ಪುಟಗಳೂ ಇವೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಸಮಾಧಾನದ ಮಾತಿಲ್ಲ. ಯಾವ ಹೂವಿನ ಚಿತ್ರಕ್ಕೂ ಅದು ಹೊಂದುವುದಿಲ್ಲ. ದುಃಖದಲ್ಲಿರುವ ವಿಶ್ವಾಸಿಗೆ, ಹೀಗೂ ಪ್ರಾರ್ಥಿಸಬಹುದು ಎಂದು ತೋರಿಸಲು ಅದಕ್ಕಿಂತ ಬೇರೆ ಬೇಕಿಲ್ಲ.

ಎಲ್ಲಿಂದ ಶುರು ಮಾಡಬೇಕೆಂದು ಕೇಳುವವರಿಗೆ: ಹೊಸ ವರ್ಷದ ಉತ್ಸಾಹದಲ್ಲಿ ಆದಿಕಾಂಡದಿಂದ ಹೊರಟು ಯಾಜಕಕಾಂಡದಲ್ಲಿ ಸಿಕ್ಕಿಕೊಳ್ಳಬೇಡಿ. ಫಿಲೆಮೋನನಿಗೆ ಬರೆದ ಪತ್ರ ಇಪ್ಪತ್ತೈದೇ ವಾಕ್ಯ. ಒಂದೇ ಸಲ ಪೂರ್ತಿ ಓದಿ. ಯಾರು ಯಾರಿಗೆ ಬರೆದರು, ಏನನ್ನು ನೇರವಾಗಿ ಕೇಳಿದರು, ಏನನ್ನು ಬಾಯಿಬಿಟ್ಟು ಕೇಳಲಿಲ್ಲ ಎಂದು ಬರೆದಿಟ್ಟುಕೊಳ್ಳಿ. ಮರುದಿನ ಅದನ್ನೇ ಮತ್ತೆ ಓದಿ. ಆಮೇಲೆ ಮಾರ್ಕನ ಸುವಾರ್ತೆಗೆ ಹೋಗಿ, ಹದಿನಾರೇ ಅಧ್ಯಾಯ. ಅರ್ಥವಾಗದ್ದಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಭಾನುವಾರ ಸಭಾಪಾಲಕರನ್ನು ಕೇಳಿ. ಒಳ್ಳೆಯ ಸಭಾಪಾಲಕರಾದರೆ ಖುಷಿಪಡುತ್ತಾರೆ.