ಇನ್ನೂ ಒಂದು ಮೊಳ ಐತಿ

ಹವ್ಯಾಸಕ್ಕೆಂದು ದೋಣಿ ನಡೆಸುವವನ ಉತ್ಸಾಹ ಬತ್ತದಿರಲು ಎಷ್ಟು ನೀರು ಬೇಕು ಎಂದು ಯಾರಾದರೂ ಕೇಳಿದರೆ ನಮ್ಮ ಭಾವನವರು ಬಾಯಿ ತೆರೆಯುವುದಿಲ್ಲ. ಅಂಗಿಯ ತೋಳು ಮಡಚಿ, ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ತೋರಿಸುತ್ತಾರೆ. ಕಳೆದ ಭಾನುವಾರದಿಂದ ಈಚೆಗೆ ಆ ಮೊಳ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಗೋವಾದಲ್ಲಿ ನೆಲೆಸಿದ ಕನ್ನಡಿಗರ ಭಾನುವಾರಗಳನ್ನು ನಾನು ಬಣ್ಣಿಸಬೇಕಾಗಿಲ್ಲ. ಊರಿಂದ ಬಂದ ನೆಂಟರನ್ನು ಮೀರಾಮಾರ್ ದಂಡೆಗೂ ಹಳೆ ಗೋವೆಯ ಇಗರ್ಜಿಗಳಿಗೂ ಕರೆದೊಯ್ಯಬೇಕು, ಸಂಜೆ ಮಾಂಡವಿ ನದಿಯ ಮೇಲೆ ಹಾಡು ಹಾಕಿಕೊಂಡು ತೇಲುವ ಬೋಟುಗಳ ಟಿಕೆಟ್ಟಿಗೆ ಸಾಲಿನಲ್ಲಿ ನಿಲ್ಲಬೇಕು, ಮನೆಗೆ ಬಂದು ರೊಟ್ಟಿ ತಿಂದು ಮಲಗಬೇಕು. ಭಾವನವರು ನಿವೃತ್ತರಾಗಿ, ಅಕ್ಕನೊಡನೆ ನರಗುಂದ ಬಿಟ್ಟು ರಾಯಬಂದರಿಗೆ ಬಂದು, ನಮ್ಮ ಕಟ್ಟಡದಲ್ಲಿಯೇ ಮನೆ ಹಿಡಿಯುವವರೆಗೆ ನನ್ನ ಭಾನುವಾರಗಳೂ ಹೀಗೆಯೇ ಸಾಗುತ್ತಿದ್ದವು. ಬಂದವರು ಮೊದಲ ಮಳೆಗಾಲವನ್ನು ಕಿಟಕಿಯಲ್ಲಿ ಕುಳಿತು ನದಿ ನೋಡುವುದರಲ್ಲಿ ಕಳೆದರು. ಮಳೆ ನಿಂತ ಮೇಲೆ ಗಾಳಿ ತುಂಬಿ ಉಬ್ಬಿಸುವ, ಇಬ್ಬರು ಕೂರುವ ಕಯಾಕ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದರು. ಎರಡನೆಯ ಆಸನಕ್ಕೆ ಅಕ್ಕ ಒಪ್ಪಲಿಲ್ಲವಾದ್ದರಿಂದ ಅದು ನನ್ನ ಪಾಲಿಗೆ ಬಂತು.

ದೋಣಿಯ ಶಾಸ್ತ್ರವನ್ನು ಅವರು ಚೆನ್ನಾಗಿಯೇ ಓದಿಕೊಂಡಿದ್ದರು. ಇಂತಹ ಕಯಾಕ್ ಇಬ್ಬರನ್ನು ಹೊತ್ತು ತೇಲಲು ನಾಲ್ಕಾರು ಅಂಗುಲ ನೀರು ಸಾಕು. ಹುಟ್ಟಿನ ಅಲಗು ಪೂರ್ತಿ ಮುಳುಗಿ ನೀರನ್ನು ಹಿಂದಕ್ಕೆ ತಳ್ಳಬೇಕೆಂದರೆ ಒಂದಡಿಯಾದರೂ ಬೇಕು. ಅದರ ಮೇಲೆ ಅರ್ಧ ಅಡಿ ಸೇರಿಸಿದರೆ ಒಂದು ಮೊಳ. ಮೊಳಕ್ಕಿಂತ ಹೆಚ್ಚಿನದೆಲ್ಲ ದೋಣಿಗೆ ಬೇಡದ ನೀರು, ಬರಿಯ ಶೋಕಿ, ಎಂಬುದು ಅವರ ಸಿದ್ಧಾಂತ. ಲೆಕ್ಕದಲ್ಲಿ ತಪ್ಪು ಹಿಡಿಯುವಂತಿಲ್ಲ. ಆದರೆ ಸಿದ್ಧಾಂತ ರೂಪುಗೊಂಡದ್ದು ನಿಂತ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು, ಪ್ರಯೋಗ ನಡೆದದ್ದು ದಿನಕ್ಕೆರಡು ಬಾರಿ ಏರಿ ಎರಡು ಬಾರಿ ಇಳಿಯುವ ನೀರಿನಲ್ಲಿ.

ಹಳೆ ಗೋವೆಯ ಧಕ್ಕೆಯಿಂದ ಫೆರಿ ಹತ್ತಿ ದಿವಾಡಿ ದ್ವೀಪಕ್ಕೆ ಹೋಗಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹೊಲಗಳ ಒಡ್ಡಿನ ಗುಂಟ ಹರಿಯುವ ಒಂದು ಸಣ್ಣ ಕವಲಿನಲ್ಲಿ ನಾವು ದೋಣಿ ಇಳಿಸಿದಾಗ ಹನ್ನೊಂದರ ಸುಮಾರು. ಉಬ್ಬರ ತುಂಬಿತ್ತು. ನೀರು ಗಿಡಗಳ ಎಲೆಗೆ ತಾಗುತ್ತಿತ್ತು. ಭಾವನವರು ಹುಟ್ಟನ್ನು ನೆಟ್ಟಗೆ ನೀರಿಗಿಳಿಸಿ, ಅದು ಹಿಡಿಯವರೆಗೂ ಮುಳುಗಿದ್ದನ್ನು ನೋಡಿ, "ಆಳುದ್ದ ಐತಿ ತಮ್ಮಾ, ಭಾಳಾತು" ಎಂದು ತುಸು ಅಸಮಾಧಾನದಿಂದಲೇ ಹೇಳಿದರು.

ಅಲ್ಲಿಂದ ಮುಂದೆ ಹತ್ತು ಹುಟ್ಟು ಹಾಕುವುದರೊಳಗೆ ಒಮ್ಮೆ ದೋಣಿ ನಿಲ್ಲಿಸಿ ಆಳ ಅಳೆಯುವುದೇ ಅವರ ಕೆಲಸವಾಯಿತು. ಎದೆಮಟ್ಟ ಎಂದರು. ಸೊಂಟಮಟ್ಟ ಎಂದರು. ಮಿಂಚುಳ್ಳಿಯೊಂದು ನಮ್ಮ ಮೂಗಿನ ಮುಂದೆಯೇ ಮುಳುಗಿ ಮೀನು ಹಿಡಿದು ಹಾರಿದಾಗಲೂ ಅವರು ಹುಟ್ಟಿನ ಒದ್ದೆಯ ಗುರುತನ್ನು ಕೈಗೆ ಹಿಡಿದು ನೋಡುತ್ತಿದ್ದರು. ನಡುಹಗಲು ದಾಟಿದ ಮೇಲೆ ವರದಿ ಒಂದೇ ಆಯಿತು: "ಒಂದು ಮೊಳ ಐತಿ." ಎರಡೂ ಬದಿಯಲ್ಲಿ ಒದ್ದೆ ಕೆಸರಿನ ದಂಡೆಗಳು ಮೇಲೇಳುತ್ತಿದ್ದವು, ಕಾಂಡ್ಲಾದ ಉಸಿರುಬೇರುಗಳು ಮೊಳೆಗಳ ಹಾಗೆ ನೆಟ್ಟಗೆ ಹೊರಬರುತ್ತಿದ್ದವು, ಕೆಸರಿನ ಮೇಲೆ ತೆವಳುವ ಸಣ್ಣ ಮೀನುಗಳು ನಮ್ಮನ್ನು ನೋಡಲು ದಂಡೆಗೆ ಬಂದು ಕುಳಿತಿದ್ದವು. "ಹಿಂದಕ್ಕ ಹೋಗೂಣು ಭಾವಾ" ಎಂದೆ. ಹುಟ್ಟು ಇಳಿಯಿತು. "ಇನ್ನೂ ಒಂದು ಮೊಳ ಐತಿ." ಕಾಲುಗಂಟೆ ಬಿಟ್ಟು ದೋಣಿಯ ಅಡಿ ಏನನ್ನೋ ಸವರಿ ಸದ್ದು ಮಾಡಿತು. "ಒಂದು ಮೊಳ." ನಾನು ಕೈ ಹಾಕಿದರೆ ಮಣಿಕಟ್ಟು ನೆನೆಯುವಷ್ಟೂ ನೀರಿಲ್ಲ, ಹುಟ್ಟು ಮಾತ್ರ ಹಟ ಹಿಡಿದಂತೆ ಸರಿಯಾಗಿ ಒಂದು ಮೊಳ ಇಳಿದು, ಪಚಕ್ ಎಂದು ಮೇಲೆ ಬರುತ್ತಿತ್ತು. ಅದು ಇಳಿಯುತ್ತಿದ್ದದ್ದು ನಿಜ. ಅದರಲ್ಲಿ ಮುಕ್ಕಾಲು ಪಾಲು ರಾಡಿ.

ಸಮುದ್ರದ ನೀರು ಸಮನಾಗಿ ಇಳಿಯುವುದಿಲ್ಲ ಎಂಬ ಸಂಗತಿಯನ್ನು ಮನೆಗೆ ಬಂದ ಮೇಲೆ ನಾನೂ ಓದಿಕೊಂಡೆ. ಇಳಿತದ ಸುಮಾರು ಆರು ಗಂಟೆಗಳಿಗೆ ನಾವಿಕರು ಹನ್ನೆರಡು ಪಾಲಿನ ಒಂದು ಅಂದಾಜು ಇಟ್ಟುಕೊಂಡಿದ್ದಾರೆ: ಮೊದಲ ಗಂಟೆಯಲ್ಲಿ ಒಂದು ಪಾಲು ಇಳಿದರೆ ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ಮೊದಲ ಗಂಟೆಯಲ್ಲಿ ಏನೂ ಆಗಿಲ್ಲವೆಂಬ ಧೈರ್ಯ ಕೊಟ್ಟು, ನಡುವಿನ ಎರಡು ಗಂಟೆಗಳಲ್ಲಿ ಅರ್ಧ ನೀರು ಕಾಲ್ತೆಗೆಯುತ್ತದೆ. ಸಾಲದ್ದಕ್ಕೆ ಅಂದು ಹುಣ್ಣಿಮೆಯ ಮರುದಿನ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಗೋವೆಯ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರಿನ ಅಂತರವಿರುತ್ತದೆ. ಎರಡೂವರೆಯ ಹೊತ್ತಿಗೆ ನಮ್ಮ ದೋಣಿ ನದಿಯ ಕವಲಿನಲ್ಲಿರಲಿಲ್ಲ, ಹೊಲದಲ್ಲಿತ್ತು. ಇಳಿದು ತಳ್ಳೋಣವೆಂದು ನಾನು ಒಂದು ಕಾಲಿಟ್ಟೆ. ಕಾಲು ತೊಡೆಯವರೆಗೆ ಹೋಯಿತು, ಚಪ್ಪಲಿ ಅಲ್ಲಿಯೇ ಉಳಿಯಿತು, ನಾನು ಮತ್ತೆ ದೋಣಿಗೆ ಬಿದ್ದೆ.

ಒಡ್ಡಿನ ಮೇಲೆ ತೂಬಿನ ಬಾಗಿಲ ಬಳಿ ಬಲೆ ಕಟ್ಟುತ್ತಿದ್ದ ಮುದುಕನೊಬ್ಬ ನಮ್ಮನ್ನು ಬಹಳ ಹೊತ್ತು ನೋಡಿ, "ಉದಕ್ ಯೆತಲೆಂ" ಎಂದು ಕೂಗಿ ಹೇಳಿ, ತನ್ನ ಕೆಲಸ ನೋಡಿಕೊಂಡ. ನೀರು ಬರುತ್ತದೆ, ಸರಿ. ಯಾವಾಗ ಎಂದು ಆತನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕುಂಬಾರ್ಜುವೆ ಕಾಲುವೆ ಇಲ್ಲಿಂದ ಹೆಚ್ಚು ದೂರವಿಲ್ಲ, ಅಲ್ಲಿನ ಮೊಸಳೆಗಳನ್ನು ನೋಡಲು ಪ್ರವಾಸಿಗರು ಹಣ ಕೊಟ್ಟು ಹೋಗುತ್ತಾರೆ ಎಂಬುದು ನನಗೆ ಆಗಲೇ ನೆನಪಾಗಬೇಕಿತ್ತೇ! ಭಾವನವರಿಗೆ ಹೇಳಿದೆ. "ಮಸಳಿಗೂ ನೀರು ಬೇಕಲ್ಲೋ ತಮ್ಮಾ" ಎಂದು ಅವರು ಬುತ್ತಿಯ ಗಂಟು ಬಿಚ್ಚಿದರು.

ಇಷ್ಟಾದರೂ ಅವರ ಉತ್ಸಾಹ ಒಂದು ಅಂಗುಲ ಇಳಿದಿರಲಿಲ್ಲ, ನನ್ನನ್ನು ಕೆರಳಿಸಿದ್ದು ಅದೇ. ರೊಟ್ಟಿ ತಿನ್ನುತ್ತ ಅವರು ಮಾಂಡವಿಯ ಮೂಲಕ್ಕೆ ಹೋದರು. ಈ ನದಿ ಖಾನಾಪುರದ ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುತ್ತದೆ, ಅದರ ಒಂದಿಷ್ಟು ನೀರನ್ನು ಕಳಸಾ ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಿ ಎಂದು ನರಗುಂದದವರು ವರ್ಷಗಟ್ಟಲೆ ಧರಣಿ ಕುಳಿತರು, ಭಾವನವರೂ ಕುಳಿತವರೇ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು, ಮಲಪ್ರಭೆಗೆಂದು ಅದರಲ್ಲಿ 3.9. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬುದು ನರಗುಂದದ ಚಹಾ ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗನಿಗೂ ಗೊತ್ತು. "ಹಂಚಿಕಿ ಆತು, ನೀರು ಬರಲಿಲ್ಲ. ಅದಕ್ಕ ನಾನ ಬಂದೆ" ಎಂದರು ಭಾವನವರು. ಕವಲಿನ ನಡುವೆ ಉಳಿದಿದ್ದ ಒಂದು ಕಾಲುವೆಯಷ್ಟಗಲದ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಮಳೆ ನಿಂತ ಮೇಲೆ ಇಲ್ಲಿ ಏರಿ ಇಳಿಯುವುದು ಬಹುಪಾಲು ಅರಬ್ಬೀ ಸಮುದ್ರ. ಅದನ್ನು ಯಾವ ಮಂಡಳಿಯೂ ಹಂಚಿಲ್ಲ. "ಉಪ್ಪೈತಿ" ಎಂದರು, ಆಮೇಲೆ ಸ್ವಲ್ಪ ಹೊತ್ತು ಅಳತೆಯ ಮಾತೆತ್ತಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡಿದವರಿಗೆ ಇಷ್ಟು ಅಗಲದ ನದಿ ಕಿಟಕಿಯಾಚೆ ದಿನವೂ ತುಂಬಿ ಖಾಲಿಯಾಗುವುದನ್ನು ನೋಡಿದರೆ ಏನನ್ನಿಸುತ್ತದೆಯೋ, ಸಿಟ್ಟಿನಲ್ಲಿದ್ದ ನಾನು ಕೇಳಲಿಲ್ಲ.

ದೋಣಿ ಮತ್ತೆ ತೇಲಿದ್ದು ಕತ್ತಲಾದ ಮೇಲೆ. ಆಗ ಅದರ ಅಡಿಯಲ್ಲಿ ಒಂದು ಗೇಣೂ ನೀರಿರಲಿಲ್ಲ, ನಾನೇ ಅಳೆದೆ.

ಮನೆಗೆ ಬಂದ ಮೇಲೆ ಈ ಹವ್ಯಾಸಕ್ಕೆ ಬೇಕಾದ ನೀರಿನ ನಿಜವಾದ ಪ್ರಮಾಣ ತಿಳಿಯಿತು. ಉಪ್ಪುನೀರಿಗೆ ಇಳಿಸಿದ ದೋಣಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸತಕ್ಕದ್ದು ಎಂದು ಅದರ ಕೈಪಿಡಿಯಲ್ಲಿ ಬರೆದಿದೆ. ಕಾಂಡ್ಲಾದ ಕೆಸರನ್ನು ಬಲ್ಲವರು ಕೈಪಿಡಿ ಓದಬೇಕಾಗಿಲ್ಲ. ನಮ್ಮ ಕಟ್ಟಡಕ್ಕೆ ನಲ್ಲಿ ನೀರು ಬರುವುದು ನಸುಕಿನಲ್ಲಿ ಒಂದೇ ಹೊತ್ತು. ಭಾವನವರು ಸ್ನಾನದ ಮನೆಯ ಡ್ರಮ್ಮನ್ನು ಖಾಲಿ ಮಾಡಿ, ಅಡುಗೆಮನೆಯ ಕೊಳಗಕ್ಕೆ ಕೈ ಹಾಕಿದಾಗ ಅಕ್ಕ ಎದ್ದು ಬಂದಳು. ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಭಾವನವರು ಮುಂದಿನ ಭಾನುವಾರದ ಉಬ್ಬರದ ವೇಳೆಯನ್ನು ಆಗಲೇ ನೋಡಿಟ್ಟಿದ್ದಾರೆ. ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವ ಉಬ್ಬರ ಆ ದಿನ ಸಂಜೆ ಐದರ ಸುಮಾರಿಗೊಮ್ಮೆ, ನಸುಕಿನ ಐದರ ಆಸುಪಾಸಿಗೊಮ್ಮೆ ಬರುತ್ತದಂತೆ. ಸಂಜೆ ಹೋದರೆ ಕತ್ತಲಾಗುತ್ತದೆ, ಆದ್ದರಿಂದ ನಸುಕಿಗೇ ಸಿದ್ಧನಾಗಿರು ಎಂದು ನನಗೆ ಸಂದೇಶ ಕಳಿಸಿದ್ದಾರೆ. ನಲ್ಲಿ ಬಿಡುವುದೂ ಸರಿಯಾಗಿ ಐದಕ್ಕೆ. ಇನ್ನು ಮೇಲೆ ಆ ಹೊತ್ತಿನ ಬಿಂದಿಗೆಗಳನ್ನು ಹಿಡಿಯುವ ಕೆಲಸವನ್ನು ಅಕ್ಕ ಭಾವನವರಿಗೇ ಹಚ್ಚಿದ್ದಾಳೆ. ಸಂದೇಶ ಕಳಿಸುವಾಗ ಅವರಿಗಿನ್ನೂ ಅದು ತಿಳಿದಿರಲಿಲ್ಲ.